ಪಾತ್ರೆ ಇಲ್ಲದ ಮುಚ್ಚಳ

ನಮ್ಮ ಡೊಂಬಿವಲಿಯ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಮುಂಬಯಿ ಕಡೆ ಇರುವವರಿಗೆ ಈ ಒಂದು ಪದ ಸಾಕು, ಉಳಿದದ್ದು ನಾನು ಹೇಳಬೇಕಾಗಿಲ್ಲ. ಸೊಸೈಟಿ ಮೀಟಿಂಗು, ಜಗಳ, ಮತ್ತೆ ಮೀಟಿಂಗು, ಕೊನೆಗೆ ಮನೆ ಖಾಲಿ ಮಾಡಿ ಅಂತ ನೋಟಿಸು. ನಲವತ್ತು ವರ್ಷದ ಸಂಸಾರ ಅಟ್ಟದಿಂದ ಒಂದೊಂದಾಗಿ ಕೆಳಗಿಳಿಯಲು ಶುರುವಾಯಿತು. ಹಿತ್ತಾಳೆ ಕೊಡಪಾನ, ಊರಿಂದ ತಂದ ಉಪ್ಪಿನಕಾಯಿ ಭರಣಿ, ಯಾವುದೋ ಕಾಲದ ಟ್ರಾನ್ಸಿಸ್ಟರ್... ಅದರ ಹಿಂದೆ ಹಳೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಒಂದು ಗಂಟು.

ಬಿಚ್ಚಿ ನೋಡಿದರೆ ಮಗನ ಡ್ರಮ್ಮುಗಳು. ಒಂದು ಕಬ್ಬಿಣದ ಸರಳಿಗೆ ಸಾಲಾಗಿ ಸಿಕ್ಕಿಸಿದ ಮೂರು ಚಕ್ರಗಳು. ಆರಿಂಚು, ಎಂಟಿಂಚು, ಹತ್ತಿಂಚು. ಪ್ರತಿ ಚಕ್ರದ ಮೇಲೂ ಬಿಳಿ ಮುಚ್ಚಿಗೆ, ಕೆಳಗೆ ಏನೂ ಇಲ್ಲ. ಡ್ರಮ್ಮಿಗೆ ಇರಬೇಕಾದ ಹೊಟ್ಟೆಯೇ ಇಲ್ಲ. ರೊಟೊಟಾಮ್ ಅಂತ ಹೆಸರು.

ಕೆಳಗೆ ಭಂಗಾರವಾಲಾ ತಕ್ಕಡಿ ಹಿಡಿದು ಕಾಯುತ್ತಿದ್ದ. ಅವನು ಅದನ್ನು ಎತ್ತಿ, ತಿರುಗಿಸಿ, ಕೆಳಗಿನಿಂದ ಇಣುಕಿ ನೋಡಿ, "ಅಂಕಲ್, ಇದರ ಡಬ್ಬ ಎಲ್ಲಿ?" ಅಂತ ಕೇಳಿದ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಸುಮಾರು ಮೂವತ್ತು ವರ್ಷದ ಹಿಂದೆ ನಾನೂ ಅದೇ ಪ್ರಶ್ನೆ ಕೇಳಿದ್ದೆ. ಅವನಿಗಿಂತ ಕೆಟ್ಟದಾಗಿ ಕೇಳಿದ್ದೆ.

ಅದು 1996. ಮಗ ಮಾಟುಂಗಾದ ಕಾಲೇಜಿನಲ್ಲಿ ಓದುತ್ತಿದ್ದ. ಗೆಳೆಯರೆಲ್ಲ ಸೇರಿ ಒಂದು ರಾಕ್ ಬ್ಯಾಂಡು ಮಾಡಿಕೊಂಡಿದ್ದರು. ಇವನ ಪಾಲಿಗೆ ಡ್ರಮ್. ಮದುವೆ ಮುಂಜಿಗಳಿಗೆ ಹಾಡುವ ಒಂದು ಆರ್ಕೆಸ್ಟ್ರಾದವರು ಆಕ್ಟಪ್ಯಾಡ್ ಕೊಂಡುಕೊಂಡು ತಮ್ಮ ಹಳೆ ರೊಟೊಟಾಮ್ ಮಾರುತ್ತಿದ್ದಾರೆ ಅಂತ ಇವನಿಗೆ ಹೇಗೋ ಗೊತ್ತಾಯಿತು. ನಾನು ದುಡ್ಡು ಕೊಡೋದಿಲ್ಲ ಅಂದೆ. ಅವನು ಪಕ್ಕದ ಬಿಲ್ಡಿಂಗಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಹಣದಲ್ಲಿ ತಂದ. ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ ಎದೆಗವಚಿಕೊಂಡು ತಂದಿದ್ದ. ಜೊತೆಗೆ ಇಬ್ಬರು ಗೆಳೆಯರು.

ನಾನು ಕುಂದಾಪುರದ ಕಡೆಯವನು. ಮಳೆಗಾಲ ಬಿಟ್ಟರೆ ಉಳಿದ ಕಾಲವೆಲ್ಲ ಒಂದಲ್ಲ ಒಂದು ಬಯಲಲ್ಲಿ ಆಟ. ಮದ್ದಳೆ ಚಂಡೆ ಕೇಳಿಕೊಂಡೇ ಬೆಳೆದವನು. ಚರ್ಮವಾದ್ಯದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಜಂಬ ಬೇರೆ. ಆ ಗೆಳೆಯರ ಎದುರೇ ಹೇಳಿದೆ, "ಇದೆಂತ ಮಾರಾಯ, ಪಾತ್ರೆ ಇಲ್ಲದ ಮುಚ್ಚಳ! ಮುಚ್ಚಳ ಬಡಿಯೋಕೆ ಇಷ್ಟು ದುಡ್ಡಾ? ಅಡುಗೆಮನೆಯಲ್ಲಿ ನಾಲ್ಕಿತ್ತಲ್ಲ."

ಗೆಳೆಯರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಬ್ಯಾಂಡಿನಲ್ಲಿ ಅವನ ಹೆಸರೇ ಮುಚ್ಚಳ ಅಂತಾಯಿತಂತೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಹೆಂಡತಿ ಹೇಳಿದಾಗ. ಒಂದು ವರ್ಷದೊಳಗೆ ಆ ಡ್ರಮ್ಮು ಬೆಡ್‌ಶೀಟ್ ಹೊದ್ದು ಅಟ್ಟ ಸೇರಿತು. ಇವನು ಬ್ಯಾಂಡ್ ಬಿಟ್ಟ, ಓದಿದ, ಕೆಲಸಕ್ಕೆ ಸೇರಿದ. ಒಳ್ಳೆಯದೇ ಆಯಿತು ಅಂತ ನಾನು ಅಂದುಕೊಂಡೆ.

ಈ ಬರಹ ಆ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೆ. ಬರೀ ಕ್ಷಮೆ ಕೇಳಿದರೆ ಸಾಲದು, ನಾನು ಹೇಳಿದ್ದು ಯಾಕೆ ತಪ್ಪು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಇದೇನು ಅಂತ ನೋಡೋಣ. ಮಾಮೂಲಿ ರಾಕ್ ಡ್ರಮ್ ಸೆಟ್ ನೀವು ನೋಡಿರುತ್ತೀರಿ. ಕಾಲಲ್ಲಿ ಒದೆಯುವ ಬೇಸ್ ಡ್ರಮ್, ಚರ ಚರ ಅನ್ನುವ ಸ್ನೇರ್, ಮೇಲೆ ಎರಡು ಮೂರು ಟಾಮ್. ಟಾಮ್‌ಗೆ ಮರದ ಗೂಡು, ಮೇಲೊಂದು ಕೆಳಗೊಂದು ಮುಚ್ಚಿಗೆ. ಸುತ್ತಲೂ ಐದಾರು ಎಂಟು ತಿರುಪುಗಳು. ಒಂದೊಂದನ್ನೂ ಕೀಲಿ ಹಾಕಿ ಬಿಗಿಯಬೇಕು. ಒಂದು ಕಡೆ ಹೆಚ್ಚಾದರೆ ಇನ್ನೊಂದು ಕಡೆ ಸಡಿಲ. ಮೇಲಿನ ಮುಚ್ಚಿಗೆ ಸರಿಹೋದರೆ ಕೆಳಗಿನದು ಕೈಕೊಡುತ್ತದೆ. ಹಾಗಾಗಿ ಹೆಚ್ಚಿನ ಡ್ರಮ್ಮರುಗಳು ಟಾಮ್‌ಗೆ ಇಂಥದೇ ಸ್ವರ ಅಂತ ಕೂರಿಸುವ ಗೋಜಿಗೆ ಹೋಗುವುದಿಲ್ಲ. ಎತ್ತರದ್ದು, ನಡುವಿನದು, ತಗ್ಗಿನದು ಅಂತ ಅಂದಾಜಿಗೆ ಬಿಟ್ಟಿರುತ್ತಾರೆ. ಹೊಡೆದರೆ ಗುಂಯ್ ಅನ್ನಬೇಕು, ಅಷ್ಟೇ.

ರೊಟೊಟಾಮ್ ಇದಕ್ಕೆ ಪೂರ್ತಿ ಉಲ್ಟಾ. ಗೂಡು ಇಲ್ಲ, ಕೆಳಗಿನ ಮುಚ್ಚಿಗೆ ಇಲ್ಲ. ಲೋಹದ ಚೌಕಟ್ಟು, ಅದರ ಮೇಲೆ ಒಂದೇ ಮುಚ್ಚಿಗೆ, ನಡುವೆ ತಿರುಪಿನ ಸರಳು. ಡ್ರಮ್ಮನ್ನೇ ಹಿಡಿದು ಬಲಕ್ಕೆ ತಿರುಗಿಸಿದರೆ ಮುಚ್ಚಿಗೆ ಸುತ್ತಲೂ ಒಂದೇ ಸಮ ಬಿಗಿಯುತ್ತದೆ, ಸ್ವರ ಏರುತ್ತದೆ. ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಹಾರ್ಲಿಕ್ಸ್ ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ. (ನೋಡಿ, ಮತ್ತೆ ಮುಚ್ಚಳ ಬಂತು!) ಸುಮಾರು ಒಂದು ಸ್ಥಾಯಿಯಷ್ಟು ಏರಿಳಿತ ಎರಡು ಕೈಯಲ್ಲಿ ಸಿಕ್ಕಿಬಿಡುತ್ತದೆ. ಕೀಲಿ ಬೇಡ, ಸುತ್ತಿಗೆ ಬೇಡ. ಹೊಡೆದು, ನಾದ ಇರುವಾಗಲೇ ತಿರುಗಿಸಿದರೆ ಸ್ವರ ಜಾರಿಕೊಂಡು ಮೇಲೆ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡ್ರಮ್ಮಿನಲ್ಲಿ ಮೀಂಡು.

ಇದನ್ನು ಹುಟ್ಟುಹಾಕಿದವರು ರಾಕ್‌ನವರಲ್ಲ ಅನ್ನುವುದು ನನಗೆ ಮೊದಲ ಆಶ್ಚರ್ಯ. ಅಮೆರಿಕದ ಮೈಕೆಲ್ ಕೊಲ್‌ಗ್ರಾಸ್, ಅಲ್ ಪೇಸನ್, ರಾಬರ್ಟ್ ಗ್ರಾಸ್ ಅನ್ನುವ ಮೂವರು. ಪೇಸನ್ ಶಿಕಾಗೊ ಸಿಂಫನಿಯಲ್ಲಿ ತಾಳವಾದ್ಯ ನುಡಿಸುತ್ತಿದ್ದವರು. ಕೊಲ್‌ಗ್ರಾಸ್ ತಾಳವಾದ್ಯಗಾರರಾಗಿದ್ದು ಆಮೇಲೆ ದೊಡ್ಡ ಸಂಗೀತ ರಚನಕಾರರಾದರು, 1978ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಇವರ ಯೋಚನೆಯನ್ನು ಅಂಗಡಿಗೆ ತಂದದ್ದು ರೆಮೋ ಕಂಪನಿ. 1957ರಲ್ಲಿ ಶುರುವಾದ, ಪ್ಲಾಸ್ಟಿಕ್ ಹಾಳೆಯ ಮುಚ್ಚಿಗೆಯನ್ನು ಜಗತ್ತಿಗೆಲ್ಲ ಹಂಚಿದ ಕಂಪನಿ. ಅದಕ್ಕೂ ಮುಂಚೆ ಅಲ್ಲೂ ಕರುವಿನ ತೊಗಲೇ. ಮಳೆ ಬಂದರೆ ಸಡಿಲ, ಬಿಸಿಲಿಗೆ ಬಿಗಿ. ಆಟದ ದಿನ ಮದ್ದಳೆ ಹಿಡಿದು ಒದ್ದಾಡುತ್ತಿದ್ದವರನ್ನು ನೋಡಿದವರಿಗೆ ಆ ಕಷ್ಟ ಬೇರೆ ಹೇಳಬೇಕಾಗಿಲ್ಲ. ತೊಗಲು ಹೋಗಿ ಪ್ಲಾಸ್ಟಿಕ್ ಬಂದಿದ್ದರಿಂದಲೇ, ಒಮ್ಮೆ ತಿರುಗಿಸಿ ಕೂರಿಸಿದ ಸ್ವರ ಹವೆ ಬದಲಾದರೂ ಹೆಚ್ಚು ಅಲುಗದೆ ನಿಲ್ಲುವುದು ಸಾಧ್ಯವಾಯಿತು. ಟಿಂಪನಿ ಅನ್ನುವ ದೊಡ್ಡ ಹಂಡೆಯಂಥ ವಾದ್ಯ ಮನೆಯಲ್ಲಿಟ್ಟುಕೊಳ್ಳಲು ಆಗದ ವಿದ್ಯಾರ್ಥಿಗಳು ಇದರ ಮೇಲೆ ಅಭ್ಯಾಸ ಮಾಡುತ್ತಾರೆ. ಮಕ್ಕಳ ಸಂಗೀತದ ಪಾಠಕ್ಕೂ ಬಳಸುತ್ತಾರೆ.

ಅಂದರೆ ಹುಟ್ಟಿನಿಂದಲೇ ಇದು ಸ್ವರ ಹೇಳುವುದಕ್ಕೆ ಮಾಡಿದ ಡ್ರಮ್. ಸದ್ದು ಮಾಡುವುದಕ್ಕೆ ಮಾಡಿದ್ದಲ್ಲ. ನನ್ನ ವಾದ ಪೂರ್ತಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಈಗ 2007ಕ್ಕೆ ಬರೋಣ. ಆ ಫೆಬ್ರವರಿಯಲ್ಲಿ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಮುಂಬಯಿಗೆ ಬಂದರು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಮೈದಾನದಲ್ಲಿ ಕಾರ್ಯಕ್ರಮ. 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ ಪೂರ್ತಿ ನುಡಿಸುತ್ತಾರೆ ಅಂತ ಸುದ್ದಿ. ಮಗ ಎರಡು ಟಿಕೆಟ್ ತಂದ. ಸೊಸೆಗೆ ಮೈ ಸರಿಯಿರಲಿಲ್ಲ. "ಅಪ್ಪ, ಬರ್ತೀರಾ?" ಅಂದ. ಟಿಕೆಟ್ಟಿನ ಬೆಲೆ ಕೇಳಿದ ಮೇಲೆ ಹೋಗದಿರಲು ಮನಸ್ಸಾಗಲಿಲ್ಲ. ಅಪ್ಪಟ ಕರಾವಳಿ ಬುದ್ಧಿ :)

ನಾವು ನಿಂತದ್ದು ಎಷ್ಟು ಹಿಂದೆ ಅಂದರೆ ವೇದಿಕೆ ಮೇಲಿನವರು ಬೆರಳಿನಷ್ಟು ಕಾಣುತ್ತಿದ್ದರು. ಕಾಲು ನೋಯುತ್ತಿತ್ತು. ಒಂದು ಹಂತದಲ್ಲಿ ಸುತ್ತಲೂ ಗಡಿಯಾರಗಳು ಒಟ್ಟಿಗೇ ಬಡಿದುಕೊಳ್ಳಲು ಶುರು ಮಾಡಿದವು. 'ಟೈಮ್' ಅನ್ನುವ ಹಾಡು. ಆ ಗಡಿಯಾರಗಳು ಅಲನ್ ಪಾರ್ಸನ್ಸ್ ಅನ್ನುವ ರೆಕಾರ್ಡಿಂಗ್ ಎಂಜಿನಿಯರ್ ಹಳೆ ಗಡಿಯಾರಗಳ ಅಂಗಡಿಯಲ್ಲಿ ಒಂದೊಂದಾಗಿ ಧ್ವನಿಮುದ್ರಿಸಿಕೊಂಡವು ಅಂತ ಆಮೇಲೆ ಓದಿದೆ. ಗಲಾಟೆ ನಿಂತಿತು. ಟಿಕ್ ಟಿಕ್ ಅಂತ ಒಂದು ಸದ್ದು ಮಾತ್ರ ಉಳಿಯಿತು. ತಗ್ಗಿನ ಸ್ವರವೊಂದು ಘಂಟೆಯ ಹಾಗೆ ಬಂತು, ಹೋಯಿತು. ಆ ಖಾಲಿ ಜಾಗದಲ್ಲಿ ಡ್ರಮ್ ಮಾತಾಡಲು ಶುರು ಮಾಡಿತು.

ಮಾತಾಡಿತು ಅಂತಲೇ ಹೇಳಬೇಕು. ತಾಳ ಹಾಕುತ್ತಿರಲಿಲ್ಲ ಅದು. ನಾಲ್ಕು ಸ್ವರ ಹೇಳಿ ಸುಮ್ಮನಾಗುತ್ತಿತ್ತು. ಮತ್ತೆ ಮೂರು, ಸ್ವಲ್ಪ ಮೇಲಿಂದ. ಮತ್ತೆ ಕೆಳಗಿಳಿದು ಕಾಯುತ್ತಿತ್ತು. ಹತ್ತಾರು ಸಾವಿರ ಜನ ತುಂಬಿದ ಆ ಬಯಲಿನಲ್ಲಿ, ಅಷ್ಟು ಹಿಂದೆ ನಿಂತ ನನಗೆ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಿಸಿತು. ಭಾಗವತರು ಪದ ಎತ್ತುವ ಮುಂಚೆ ಮದ್ದಳೆಯವರು ಒಬ್ಬರೇ ನಾಲ್ಕು ನುಡಿ ಕೊಡುತ್ತಾರಲ್ಲ, ಸಭೆ ತನ್ನಷ್ಟಕ್ಕೆ ತಣ್ಣಗಾಗುತ್ತದಲ್ಲ, ಹಾಗೇ ಆಯಿತು. ನನ್ನ ಮೈ ಜುಂ ಅಂದಿತು, ಸುಳ್ಳು ಹೇಳಲ್ಲ.

ಮಗ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ವೇದಿಕೆ ಕಡೆಗೇ ನೋಡುತ್ತಿದ್ದ. ಕೈ ಮಾತ್ರ ತೊಡೆಯ ಮೇಲೆ ಸಣ್ಣಗೆ ಆಡುತ್ತಿತ್ತು, ಒಂದು ಪೆಟ್ಟೂ ತಪ್ಪದೆ.

ರಾತ್ರಿ ಕುರ್ಲಾದಿಂದ ಡೊಂಬಿವಲಿಗೆ ಟ್ರೇನು. ಘಾಟ್‌ಕೋಪರ್ ದಾಟಿದ ಮೇಲೆ ನಾನೇ ಕೇಳಿದೆ, "ಆ ಗಡಿಯಾರದ ಹಾಡು... ಅದರ ಶುರುವಿಗೆ ಬಂತಲ್ಲ, ಅದು ಯಾವ ಡ್ರಮ್ಮೋ?"

ಅವನು ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದ, "ಅದೇ ಅಪ್ಪ, ಮುಚ್ಚಳ."

ಅಷ್ಟೇ. ಕೋಪ ಇರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಆಮೇಲೆ ನಾನು ಆ ಹಾಡಿನ ಮೂಲ ಧ್ವನಿಮುದ್ರಣವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಲ್ಬಮ್ ಬಂದದ್ದು ಮಾರ್ಚ್ 1973ರಲ್ಲಿ, ಮುದ್ರಿಸಿದ್ದು ಲಂಡನ್ನಿನ ಅಬ್ಬೀ ರೋಡ್ ಸ್ಟುಡಿಯೋದಲ್ಲಿ. ಡ್ರಮ್ಮರ್ ನಿಕ್ ಮೇಸನ್. ಹಾಡಿನ ಮಾತು ಶುರುವಾಗುವುದೇ ಸುಮಾರು ಎರಡೂವರೆ ನಿಮಿಷಕ್ಕೆ. ಅದರಲ್ಲಿ ಗಡಿಯಾರದ ಗದ್ದಲ ಕಳೆದರೆ ಉಳಿದ ಹೊತ್ತೆಲ್ಲ ರೊಟೊಟಾಮ್‌ನದ್ದೇ ರಾಜ್ಯ. ಟಿಕ್ ಟಿಕ್ ಅನ್ನುವುದು ಗಡಿಯಾರವೂ ಅಲ್ಲ, ವಾಟರ್ಸ್ ತಮ್ಮ ಬೇಸ್ ಗಿಟಾರಿನ ತಂತಿಯನ್ನು ಅದುಮಿ ಹಿಡಿದು ಮಾಡಿದ ಸದ್ದು. ಗಿಟಾರು ಕೀಬೋರ್ಡು ಆಗೊಮ್ಮೆ ಈಗೊಮ್ಮೆ ಒಂದು ಸ್ವರ ಇಟ್ಟು ಹಿಂದೆ ಸರಿಯುತ್ತವೆ. ಇ ಇಂದ ಎಫ್ ಶಾರ್ಪ್‌ಗೆ, ಮತ್ತೆ ಹಿಂದಕ್ಕೆ. ನಡುವೆ ಇರುವುದೆಲ್ಲ ಗಾಳಿ. ಆ ಗಾಳಿಯಲ್ಲಿ ಮೇಸನ್ ಒಂದು ಪದ್ಯ ಹೇಳಿದ ಹಾಗೆ ಡ್ರಮ್ ನುಡಿಸುತ್ತಾರೆ.

ಅದೇ ಜಾಗದಲ್ಲಿ ಮಾಮೂಲಿ ಟಾಮ್ ಇಟ್ಟು ಯೋಚಿಸಿ ನೋಡಿ. ಧುಂ, ಧುಂ ಅಂತ ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿನ ಮೇಲೆ ಬೀಳುತ್ತದೆ. ಭಾರ ಬರುತ್ತದೆ, ಮಾತು ಬರುವುದಿಲ್ಲ. ಕೈಚಳಕದಲ್ಲಿ ಮೇಸನ್‌ಗಿಂತ ಮುಂದಿದ್ದ ಡ್ರಮ್ಮರುಗಳು ಆ ಕಾಲದಲ್ಲಿ ಬೇಕಾದಷ್ಟಿದ್ದರು. ಅವರು ಯಾರೂ ಈ ಎರಡು ನಿಮಿಷದಂಥದ್ದು ಬಿಟ್ಟು ಹೋಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ಗೂಡು ಇಲ್ಲದಿದ್ದರೆ ಸದ್ದು ಯಾಕೆ ಹೀಗಾಗುತ್ತದೆ? ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮುಚ್ಚಿಗೆ ಮೇಲಕ್ಕೆ ಹೋದಾಗ ಮೇಲಿನ ಗಾಳಿ ಒತ್ತುತ್ತದೆ, ಕೆಳಗಿನ ಗಾಳಿ ತೆಳುವಾಗುತ್ತದೆ. ಗೂಡಿದ್ದರೆ ಕೆಳಗಿನದು ಒಳಗೇ ಸಿಕ್ಕಿಕೊಳ್ಳುತ್ತದೆ. ಗೂಡಿಲ್ಲದಿದ್ದರೆ ಎರಡೂ ಅಂಚಿನಲ್ಲಿ ಸಂಧಿಸಿ ಒಂದನ್ನೊಂದು ಕೊಂದುಹಾಕುತ್ತವೆ. ತಗ್ಗಿನ ಸ್ವರಗಳಲ್ಲಿ ಇದು ಹೆಚ್ಚು. ಹಾಗಾಗಿ ಎದೆಗೆ ಗುದ್ದುವ ಆ ಧುಂ ಹೋಗುತ್ತದೆ. ಉಳಿಯುವುದು ಕಡ್ಡಿ ಬಿದ್ದ ಮೊನಚು ಮತ್ತು ಅದರ ಹಿಂದೆಯೇ ಬರುವ ಸ್ವರ. ಗಿಟಾರುಗಳ ಗದ್ದಲವನ್ನು ಸೀಳಿಕೊಂಡು ಬರುವುದು ಈ ಮೊನಚೇ.

ಎರಡನೆಯದು ಸ್ವರ. ಬರಿಯ ದುಂಡು ಮುಚ್ಚಿಗೆ ಸ್ವಭಾವತಃ ಸ್ವರಕ್ಕೆ ಒಗ್ಗುವ ವಸ್ತುವಲ್ಲ. ತಂತಿ ಮೀಟಿದರೆ ಮೂಲಸ್ವರದ ಜೊತೆ ಎರಡು ಪಟ್ಟು, ಮೂರು ಪಟ್ಟು ಅಂತ ಅಚ್ಚುಕಟ್ಟಾಗಿ ಮೇಲ್ಸ್ವರಗಳು ಏಳುತ್ತವೆ. ಆದರ್ಶ ಮುಚ್ಚಿಗೆಯಲ್ಲಿ 1.59, 2.14, 2.30 ಅಂತ ಅಡ್ಡಾದಿಡ್ಡಿ. ಅದಕ್ಕೇ ಡ್ರಮ್ ಅಂದರೆ ಬರೀ ಸದ್ದು. ಇದನ್ನು ಪಳಗಿಸಲು ಬೇರೆ ಬೇರೆಯವರು ಬೇರೆ ಬೇರೆ ದಾರಿ ಹಿಡಿದರು. ಟಿಂಪನಿಯಲ್ಲಿ ಗಾಳಿಯ ಭಾರ ಮತ್ತು ಹಂಡೆ ಸೇರಿ ಆ ಕೆಲಸ ಮಾಡುತ್ತವೆ. ನಮ್ಮ ಮೃದಂಗ, ತಬಲಾಗಳಲ್ಲಿ ಮುಚ್ಚಿಗೆಯ ನಡುವೆ ಕರಿ ಹಾಕಿದರು. ಆ ಕರಿಯಿಂದಾಗಿ ಮೇಲ್ಸ್ವರಗಳು ತಂತಿಯ ಹಾಗೆ ಸಾಲಾಗಿ ನಿಲ್ಲುತ್ತವೆ ಅಂತ ಸಿ. ವಿ. ರಾಮನ್ 1920ರಲ್ಲೇ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯದ ಮೇಲೆ ವಿಸ್ತಾರವಾಗಿ ಬರೆದರು. ನೊಬೆಲ್ ಬಂದ ಮೇಲೂ ಮೃದಂಗ ಮರೆಯದ ಮನುಷ್ಯ!

ರೊಟೊಟಾಮ್‌ನವರು ಹಂಡೆಯನ್ನೂ ಇಡಲಿಲ್ಲ, ಕರಿಯನ್ನೂ ಹಾಕಲಿಲ್ಲ. ಅವರು ಹಿಡಿದದ್ದು ಸಮನಾದ ಬಿಗಿ. ಸುತ್ತಲೂ ಒಂದೇ ಬಿಗಿ ಇದ್ದರೆ ಮೂಲಸ್ವರ ಒಡೆಯುವುದಿಲ್ಲ. ಎರಡನೇ ಮುಚ್ಚಿಗೆಯ ತಕರಾರಿಲ್ಲ, ಮರದ ಗುಂಯ್‌ಗಾಟವೂ ಇಲ್ಲ. ಟಿಂಪನಿಯಷ್ಟು, ಮದ್ದಳೆಯಷ್ಟು ಶುದ್ಧ ಅಂತ ನಾನು ಹೇಳಲಾರೆ. ಆದರೆ ಹಾಡಿನ ಶ್ರುತಿಗೆ ಕೂರಿಸಿದರೆ ಕೂರುತ್ತದೆ. ಅದು ಸಾಕು.

ನಮ್ಮ ಕಡೆಯವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಬಡಗಿನ ಆಟದಲ್ಲಿ ಮದ್ದಳೆ ಬಿಡಿ, ಚಂಡೆಯನ್ನೂ ಶ್ರುತಿಗೆ ಕೂರಿಸದೆ ಮುಟ್ಟುವುದಿಲ್ಲ. ಶ್ರುತಿ ತಪ್ಪಿದ ಮದ್ದಳೆ ಕೇಳಿದರೆ ಮುಖ ಸಿಂಡರಿಸುತ್ತಿದ್ದ ನಾನು, ಶ್ರುತಿಗೆ ಕೂರಿಸಲೆಂದೇ ಮಾಡಿದ ವಾದ್ಯ ಮನೆಯೊಳಗೆ ಬಂದಾಗ ಅದರ ಹೊಟ್ಟೆ ಹುಡುಕಿದೆ. ಕಣ್ಣಲ್ಲಿ ನೋಡಿದೆ, ಕಿವಿ ಕೊಡಲಿಲ್ಲ. ಮಗ ಅವತ್ತು ಒಂದು ಪೆಟ್ಟು ಹೊಡೆಯುವವರೆಗೂ ನಾನು ಕಾದಿರಲಿಲ್ಲ.

ಇದರ ವಿರುದ್ಧ ಹೇಳುವವರ ಮಾತಿನಲ್ಲೂ ಹುರುಳಿದೆ, ಅದನ್ನು ಮುಚ್ಚಿಡಬಾರದು. ಪೂರ್ತಿ ಹಾಡಿಗೆ ರೊಟೊಟಾಮ್ ಒಂದರಿಂದ ಆಗುವುದಿಲ್ಲ. ಭಾರ ಬೇಕಾದಲ್ಲಿ ಇದು ಡಬ್ಬಿ ಬಡಿದ ಹಾಗೆ ಕೇಳಿಸುತ್ತದೆ. 'ಟೈಮ್' ಹಾಡಿನಲ್ಲೇ ನೋಡಿ, ಮಾತು ಶುರುವಾಗುತ್ತಿದ್ದಂತೆ ಮೇಸನ್ ತಮ್ಮ ಮಾಮೂಲಿ ಸೆಟ್ಟಿನ ಗಟ್ಟಿ ನಡೆಗೆ ಬರುತ್ತಾರೆ. ಬಿಲ್ ಬ್ರೂಫರ್ಡ್ ಎಪ್ಪತ್ತರ ದಶಕದ ಕೊನೆಗೆ ಇದನ್ನು ತಮ್ಮ ಸೆಟ್ಟಿನಲ್ಲಿ ಇಟ್ಟುಕೊಂಡಿದ್ದರು, ಅವರೂ ಉಳಿದ ಡ್ರಮ್ಮುಗಳನ್ನು ಬಿಟ್ಟಿರಲಿಲ್ಲ. 1981ರಲ್ಲಿ ಫಿಲ್ ಕಾಲಿನ್ಸ್ 'ಇನ್ ದಿ ಏರ್ ಟುನೈಟ್' ಹಾಡಿನಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದರಲ್ಲ, ಅಲ್ಲೂ ಕೆಳಗಿನ ಮುಚ್ಚಿಗೆ ಇಲ್ಲದ ಟಾಮ್‌ಗಳೇ. ಆದರೆ ಗೂಡು ಇತ್ತು, ಗುದ್ದು ಇತ್ತು. ಅದು ಬೇರೆ ರುಚಿ. ಪೊಲೀಸ್ ಬ್ಯಾಂಡಿನ ಸ್ಟೂವರ್ಟ್ ಕೋಪ್‌ಲ್ಯಾಂಡ್ ಆಕ್ಟೊಬಾನ್ ಅನ್ನುವ ಉದ್ದ ಕೊಳವೆಗಳನ್ನು ಹಿಡಿದರು. ಅವರಿಗೆ ಬೇಕಾದದ್ದೂ ಸ್ವರವೇ, ಆದರೆ ಅದನ್ನು ಕೊಡುವುದು ಕೊಳವೆ.

ಎಂಬತ್ತರ ದಶಕದಲ್ಲಿ ಸಾಲಾಗಿ ರೊಟೊಟಾಮ್ ಜೋಡಿಸಿ ಈ ತುದಿಯಿಂದ ಆ ತುದಿಗೆ ಟಕಟಕ ಓಡಿಸುವುದು ಒಂದು ಚಟವಾಯಿತು. ಅದು ಬೇಗ ಹಳಸಿತು. ಅಷ್ಟರಲ್ಲಿ ಆರು ಮೂಲೆಯ ಎಲೆಕ್ಟ್ರಾನಿಕ್ ಪ್ಯಾಡುಗಳು ಬಂದವು, ಗುಂಡಿ ಒತ್ತಿದರೆ ಬೇಕಾದ ಸ್ವರ. ರೊಟೊಟಾಮ್ ಹಳೆ ಫ್ಯಾಷನ್ ಅನ್ನಿಸಿಕೊಂಡಿತು. ನಮ್ಮ ಆರ್ಕೆಸ್ಟ್ರಾಗಳಲ್ಲೂ ಅದೇ ಕಥೆ. ಮಗನಿಗೆ ಅಗ್ಗಕ್ಕೆ ಸಿಕ್ಕಿದ್ದು ಹಾಗೇ.

ಮುಂಬಯಿಯಲ್ಲಿ ಅದು ಸತ್ತಿಲ್ಲ ಅನ್ನುವುದೂ ನಿಜ. ಗಣಪತಿ ಹಬ್ಬದಲ್ಲಿ ಬೆಂಜೋ ಪಾರ್ಟಿಯವರ ಗಾಡಿ ಬಂದಾಗ ನೋಡಿ, ಈ ಚಕ್ರಗಳು ಕಾಣಿಸುತ್ತವೆ. ಹುಡುಗರು 'ರೋಟೊ' ಅನ್ನುತ್ತಾರೆ. ಕೈವೇಗ ನೋಡಿದರೆ ತಲೆ ತಿರುಗುತ್ತದೆ. ಆದರೆ ನಾನು ನೋಡಿದಷ್ಟರಲ್ಲಿ ಎಲ್ಲವನ್ನೂ ತುತ್ತತುದಿಗೆ ಬಿಗಿದಿಟ್ಟಿರುತ್ತಾರೆ. ಟಣ್ ಟಣ್ ಟಣ್, ಮೂರಕ್ಕೂ ಒಂದೇ ದನಿ. ಬೀದಿಯ ಗದ್ದಲದಲ್ಲಿ ಅದೂ ಬೇಕೇನೋ, ಬೇಡ ಅನ್ನಲು ನಾನ್ಯಾರು? ಆದರೂ ಹಬ್ಬದ ಹುಡುಗನೊಬ್ಬನನ್ನು ನಿಲ್ಲಿಸಿ, "ತಮ್ಮಾ, ಹಾಡಿನ ಶ್ರುತಿ ಯಾವುದು ನೋಡಿ ಒಂದು ಸುತ್ತು ತಿರುಗಿಸು" ಅಂತ ಹೇಳಬೇಕು ಅನ್ನಿಸುತ್ತದೆ. ತಿರುಗಿಸುವುದಕ್ಕೆಂದೇ ಮಾಡಿದ್ದನ್ನು ತಿರುಗಿಸದೆ ಇಟ್ಟರೆ ಅದು ನಿಜವಾಗಿಯೂ ಮುಚ್ಚಳವೇ.

ನನ್ನ ಮಾತು ಇಷ್ಟೇ. ಡ್ರಮ್ಮಿಗೆ ಹೊಟ್ಟೆ ಇದ್ದರೆ ಭಾರ ಬರುತ್ತದೆ. ಮಾತು ಬರುವುದು ಮುಚ್ಚಿಗೆಯಿಂದ. ರಾಕ್ ಸಂಗೀತದಲ್ಲಿ ಭಾರಕ್ಕೆ ಎಂದೂ ಕೊರತೆ ಇರಲಿಲ್ಲ. ಡ್ರಮ್ ಒಂದೇ ನಿಂತು, ಯಾರೂ ಹಾಡದೇ ಇರುವಾಗ ಕತೆ ಹೇಳಬೇಕಾದ ಜಾಗ ಬಂದರೆ ಈ ಹೊಟ್ಟೆಯಿಲ್ಲದ್ದೇ ಬೇಕು. ದಿನಕ್ಕೊಂದು ಸಲ ಬೇಡ, ಆಲ್ಬಮ್ಮಿಗೆ ಒಂದು ಸಲ ಸಾಕು. ಈಗಿನ ಹುಡುಗರು ಕಂಪ್ಯೂಟರಿನಲ್ಲಿ ಆ ಸದ್ದನ್ನು ಆರಿಸಿ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ. ಆದರೆ ಕಿವಿ ಕೊಟ್ಟು, ಕೈಯಲ್ಲಿ ತಿರುಗಿಸಿ, ಇನ್ನೊಂಚೂರು, ಇನ್ನೊಂಚೂರು ಅಂತ ಸ್ವರ ಹುಡುಕುವಾಗ ಬರುವ ಬುದ್ಧಿ ಪಟ್ಟಿಯಿಂದ ಆರಿಸುವಾಗ ಬರುವುದಿಲ್ಲ.

ಭಂಗಾರವಾಲಾನನ್ನು ಕಳಿಸಿಬಿಟ್ಟೆ. ಕಿಲೋಗೆ ಇಷ್ಟು ಅಂತ ಅವನು ಹೇಳಿದ ಲೆಕ್ಕದಲ್ಲಿ ಅದಕ್ಕೆ ಏನೂ ಬರುತ್ತಿರಲಿಲ್ಲ, ಹೊಟ್ಟೆ ಇಲ್ಲವಲ್ಲ! ಮಧ್ಯಾಹ್ನ ಹೆಂಡತಿಯ ಭಜನೆಯ ಶ್ರುತಿಪೆಟ್ಟಿಗೆ ಹಚ್ಚಿಕೊಂಡು ಕೂತೆ. ಇಷ್ಟು ವರ್ಷ ಮುಟ್ಟದ ತಿರುಪು ಬಿಗಿದುಹೋಗಿತ್ತು, ಎರಡು ಹನಿ ಎಣ್ಣೆ ಹಾಕಿದೆ. ದೊಡ್ಡದು ಷಡ್ಜ, ನಡುವಿನದು ಪಂಚಮ, ಚಿಕ್ಕದು ಮೇಲಿನ ಷಡ್ಜ. ಅರ್ಧ ಗಂಟೆ ತಿರುಗಿಸಿದ ಮೇಲೆ ಅಡುಗೆಮನೆಯಿಂದ ದನಿ ಬಂತು, "ಹ್ಞಾಂ, ಈಗ ಸೇರಿತು ನೋಡಿ."

ಮಗನಿಗೆ ಫೋನ್ ಮಾಡಿದೆ. ಅವನು ಈಗ ಪುಣೆಯಲ್ಲಿದ್ದಾನೆ. ವಯಸ್ಸು ಐವತ್ತರ ಹತ್ತಿರ. "ಅದಿನ್ನೂ ಇದೆಯಾ? ಯಾರಿಗಾದ್ರೂ ಕೊಟ್ಬಿಡಿ ಅಪ್ಪ" ಅಂದ. ನಾನು ಕೊಡುವುದಿಲ್ಲ ಅಂದೆ. ಆಮೇಲೆ, 1996ರಲ್ಲಿ ಹೇಳಿದ್ದು ತಪ್ಪಾಯಿತು ಮಗ, ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಭಾನುವಾರ ಬರ್ತೀನಿ" ಅಂದ.

ಬಂದ. ಚಪ್ಪಲಿ ಬಿಟ್ಟವನೇ ನೆಲದ ಮೇಲೆ ಕೂತು ಮೂರನ್ನೂ ಒಂದೊಂದು ಪೆಟ್ಟು ಹೊಡೆದ. ಹತ್ತಿಂಚಿನದರ ಮೇಲೆ ಕಿವಿ ಬಗ್ಗಿಸಿ, "ಇದು ಸ್ವಲ್ಪ ಇಳಿದಿದೆ ಅಪ್ಪ" ಅಂತ ಒಂಚೂರು ಬಲಕ್ಕೆ ತಿರುಗಿಸಿದ.

ಶ್ರುತಿಪೆಟ್ಟಿಗೆ ಹಚ್ಚಿ ನೋಡಿದೆ. ಅವನು ಹೇಳಿದ್ದೇ ಸರಿ.

ಈಗ ಅವು ಪುಣೆಯಲ್ಲಿವೆ. ಮೊಮ್ಮಗಳು ಬಡಿಯುತ್ತಾಳಂತೆ. ನಿಮ್ಮ ಮಕ್ಕಳೂ ಯಾವತ್ತಾದರೂ ಹೊಟ್ಟೆಯಿಲ್ಲದ, ಬಾಲವಿಲ್ಲದ, ನಿಮಗೆ ಅರ್ಥವಾಗದ ಏನನ್ನಾದರೂ ಹೊತ್ತು ತಂದಿರಬಹುದು. ಬೈಯುವ ಮೊದಲು ಒಂದು ಪೆಟ್ಟು ಹೊಡೆಯಲು ಬಿಡಿ. ಆಮೇಲೆ ಬೇಕಾದರೆ ಬೈಯೋಣ. ಏನಂತೀರಿ?